ಟರ್ನ್‌ಬ್ಯಾಕ್ ಕಾಡಿಗೆ ಆ ಹೆಸರು ಬಂದದ್ದು

ಇಂಗ್ಲೆಂಡಿನ ದಕ್ಷಿಣಕ್ಕೆ, ಸಮುದ್ರದಿಂದ ಒಂದು ದಿನದ ನಡಿಗೆಯಷ್ಟು ಒಳಗೆ, ಎಲ್ಡರ್‌ಕೂಂಬ್ ಎಂಬ ಪುಟ್ಟ ಊರಿದೆ. ಊರೆಂದರೆ ಐವತ್ತು ಅರವತ್ತು ಮನೆ, ಒಂದು ಚರ್ಚು, ವಾರಕ್ಕೆ ಮೂರು ದಿನ ಬಾಗಿಲು ತೆರೆಯುವ ಅಂಚೆ ಕಚೇರಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬಂದುಹೋಗುವ ಬಸ್ಸು. ಊರಿನ ಬೆನ್ನಿಗೆ ಒಂದು ದಿಬ್ಬ, ದಿಬ್ಬದ ತುಂಬ ಕಾಡು. ಅದಕ್ಕೆ ಟರ್ನ್‌ಬ್ಯಾಕ್ ವುಡ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಂದವರು ಬಂದ ದಾರಿಗೇ ಹಿಂದಿರುಗಿದ ಕಾಡು. ಕಾಡು ಎಂದಕೂಡಲೇ ಹುಲಿ, ಜಲಪಾತ ಎಂದು ಕಣ್ಣರಳಿಸಬೇಡಿ. ಇಲ್ಲಿರುವುದು ಒಂದಿಷ್ಟು ಜಿಂಕೆ, ಅಳಿಲು, ಕಾಲಿಗೆ ಅಂಟಿಕೊಂಡರೆ ಬಿಡದ ಕೆಸರು. ಓಕ್ ಮರಗಳ ಕೆಳಗೆ ಹೇಝಲ್ ಗಿಡಗಳು ಬುಡಕ್ಕೆ ಹತ್ತು ಹದಿನೈದು ಕೋಲುಗಳನ್ನು ಚಿಮ್ಮಿಸಿಕೊಂಡು ನಿಂತಿರುತ್ತವೆ. ಏಪ್ರಿಲ್ ಕೊನೆಗೆ ನೆಲವೆಲ್ಲ ಬ್ಲೂಬೆಲ್ ಹೂಗಳಿಂದ ನೀಲಿಯಾಗುತ್ತದೆ. ಆ ಎರಡು ವಾರ ಪಟ್ಟಣದವರು ಕ್ಯಾಮೆರಾ ಹಿಡಿದು ಬರುತ್ತಾರೆ. ಮಿಕ್ಕ ಐವತ್ತು ವಾರ ಅಲ್ಲಿ ಮಾತಾಡುವವರು ಯಾರೂ ಇಲ್ಲ. ಹಕ್ಕಿ ಕೂಗಿದರೂ ಅಪ್ಪಣೆ ಕೇಳಿ ಕೂಗಿದ ಹಾಗಿರುತ್ತದೆ.

ನಾನು ಗದಗಿನ ಕಡೆಯ ಎರೆಹೊಲಗಳ ನಡುವೆ ಬೆಳೆದವಳು. ನೆರಳು ಬೇಕೆಂದರೆ ಊರಿಗೊಂದೇ ಬೇವಿನ ಮರ ಹುಡುಕಿಕೊಂಡು ಹೋಗುತ್ತಿದ್ದವಳು. ನರ್ಸಾಗಿ ಈ ಊರಿನ ಪಕ್ಕದ ಆಸ್ಪತ್ರೆಗೆ ಬಂದಾಗ ಈ ಕಾಡಿನ ಮೌನ ಕಂಡು ನನಗೆ ಹೆದರಿಕೆಯೇ ಆಗಿತ್ತು. ಗೋಡೆಯಾಚೆಯ ಮನೆಯಲ್ಲಿದ್ದ ಎಡಿತ್ ಪೋಕಾಕ್ ಎಂಬ ಮುದುಕಿಯೇ ನನ್ನನ್ನು ಕೈಹಿಡಿದು ಕಾಡಿಗೆ ಕರೆದೊಯ್ದವಳು. ನಾನು ಆಕೆಯನ್ನು ಎಡಿತ್ ಅಜ್ಜಿ ಎನ್ನುತ್ತಿದ್ದೆ. ಆ ಪದದ ಅರ್ಥ ತಿಳಿದ ದಿನ, "ನನ್ನ ಮೊಮ್ಮಕ್ಕಳೇ ನನ್ನನ್ನು ಇಷ್ಟು ಚೆಂದ ಕರೆಯೋದಿಲ್ಲ" ಎಂದು ಮೂಗೊರೆಸಿಕೊಂಡಿದ್ದಳು. ಈಗ ನಾನು ಬರೆಯುತ್ತಿರುವುದು ಆಕೆ ಹೇಳಿದ್ದು; ಆಕೆಗೆ ಆಕೆಯ ಅಜ್ಜಿ ಹೇಳಿದ್ದು. ಚರ್ಚಿನ ದಾಖಲೆಯಲ್ಲಿ ಇದೆಯೇ ಎಂದು ಕೇಳಿದ್ದಕ್ಕೆ ಒಮ್ಮೆ ನನಗೆ ಚೆನ್ನಾಗಿ ಬೈದಿದ್ದಳು. ಆದ್ದರಿಂದ ನೀವೂ ಕೇಳಬೇಡಿ.

ಹಿಂದೆ ಒಮ್ಮೆ, ಫ್ರಾನ್ಸಿನೊಂದಿಗೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಈ ಕಾಡಿಗೆ ಮೇಲ್ಕಾಡು ಎಂಬುದರ ಹೊರತು ಬೇರೆ ಹೆಸರಿರಲಿಲ್ಲ ಎನ್ನುತ್ತಾರೆ. ಊರಿನವರೆಲ್ಲ ಆ ಕಾಡಿನಿಂದಲೇ ಬದುಕುತ್ತಿದ್ದರು. ಹೇಝಲ್ ಗಿಡವನ್ನು ಏಳೆಂಟು ವರ್ಷಕ್ಕೊಮ್ಮೆ ಬುಡಮಟ್ಟ ಕಡಿಯುವುದು, ಆ ಕೋಲುಗಳನ್ನು ಸೀಳಿ ಕುರಿಗಳಿಗೆ ತಟ್ಟಿ ಹೆಣೆಯುವುದು, ಬುಡ ಮತ್ತೆ ಚಿಗುರುವವರೆಗೆ ಕಾಡಿನ ಇನ್ನೊಂದು ಮಗ್ಗುಲಿಗೆ ಹೋಗುವುದು. ಓಕ್ ಮರಗಳ ಮಾತು ಮಾತ್ರ ಬೇರೆ. ಊರಿನಲ್ಲಿ ಮಗು ಹುಟ್ಟಿದ ವಾರದೊಳಗೆ ಅಪ್ಪನಾದವನು ಕಾಡಿಗೆ ಹೋಗಿ, ನಿಂತಿರುವ ಓಕ್‌ಗಳಲ್ಲಿ ಒಂದನ್ನು ಆರಿಸಿ, ಎದೆಮಟ್ಟದಲ್ಲಿ ತೊಗಟೆ ಕೆತ್ತಿ ಮನೆತನದ ಗುರುತು ಹಾಕಿಬರುತ್ತಿದ್ದ. ಅಂದಿನಿಂದ ಅದು ಆ ಮಗುವಿನ ಮರ. ಆ ಜೀವ ಇರುವವರೆಗೆ ಅದಕ್ಕೆ ಯಾರೂ ಕೊಡಲಿ ತಾಗಿಸುವಂತಿಲ್ಲ. ಆ ಮನುಷ್ಯ ಸತ್ತ ದಿನವೇ ಮರ ಬೀಳುತ್ತಿತ್ತು. ಅದರ ಹಲಗೆಯಲ್ಲೇ ಶವಪೆಟ್ಟಿಗೆ. ದೂರದ ಹೊಲಗಳಲ್ಲಿ ಕೂಲಿಗೆ ಹೋದವರು ಆರು ತಿಂಗಳಾದ ಮೇಲೆ ಮರಳುವಾಗ ಕಾಡಿನ ದಾರಿಯಲ್ಲೇ ಬರುತ್ತಿದ್ದರು. ಯಾವ ಮರ ನಿಂತಿದೆ, ಯಾವುದು ಬೊಡ್ಡೆಯಾಗಿದೆ ಎಂದು ನೋಡಿಕೊಂಡೇ ಊರಿಗೆ ಇಳಿಯುತ್ತಿದ್ದರು. ಓದುಬರಹ ಬಾರದ ಜನ. ಅವರ ಪಾಲಿಗೆ ಆ ಕಾಡೇ ಊರಿನ ಸುದ್ದಿ.

ಆ ಊರಿನಲ್ಲಿ ಹೆಸ್ಟರ್ ಪ್ರಾಗ್ನೆಲ್ ಎಂಬ ವಿಧವೆಯಿದ್ದಳು. ಗಂಡ ತೀರಿಕೊಂಡು ಅವನ ಮರವೂ ಬಿದ್ದಿತ್ತು. ಉಳಿದವನು ಒಬ್ಬನೇ ಮಗ, ಏಬೆಲ್. ಮೂರು ಕೂಸುಗಳು ಒಡಲಲ್ಲೇ ಹೋದಮೇಲೆ ಹುಟ್ಟಿದವನು. ಆ ಖುಷಿಗೆ ಅಪ್ಪ ಹುಚ್ಚುಹಿಡಿದವನಂತೆ ಆಗಲೇ ತೋಳಿಗೆ ಸಿಗದಷ್ಟು ದಪ್ಪವಿದ್ದ ಓಕ್ ಒಂದನ್ನು ಆರಿಸಿದ್ದನಂತೆ. ಹೆಸ್ಟರಳ ಮರದ ಎದುರಿಗೇ, ದಾರಿಯ ಇನ್ನೊಂದು ಬದಿಗೆ. "ಏನಪ್ಪಾ, ಹುಟ್ಟಿರೋದು ಮಗನೋ ರಾಕ್ಷಸನೋ?" ಎಂದು ಊರವರು ಛೇಡಿಸಿದ್ದರು. ಹೆಸ್ಟರ್ ಮಾತಿನಲ್ಲಿ ಒರಟು, ಕೈಯಲ್ಲಿ ಚುರುಕು, ಮಗನ ವಿಷಯದಲ್ಲಿ ಪೂರಾ ಮೆತ್ತಗೆ. ಆ ಮೆತ್ತಗಿನದನ್ನು ಮಾತ್ರ ಹೊರಗೆ ತೋರಿಸಿದವಳಲ್ಲ. ಏಬೆಲ್‌ಗೆ ಹತ್ತೊಂಬತ್ತಾದಾಗ ಹಡಗಿನ ಗೀಳು ಹತ್ತಿತು. ತಟ್ಟಿ ಹೆಣೆದು ಸಾಯಲಾರೆ, ಸಮುದ್ರಕ್ಕೆ ಹೋಗುತ್ತೇನೆ ಎಂದ. ತಾಯಿ ಅತ್ತಿದ್ದರೆ ನಿಲ್ಲುತ್ತಿದ್ದನೋ ಏನೋ. ಅಳುವ ಜಾತಿಯವಳಲ್ಲ ಅವಳು. "ಹೋಗು. ನಾನು ಸತ್ತ ಮೇಲೆ ಬಾ, ಮಣ್ಣು ಹಾಕೋಕೆ" ಎಂದುಬಿಟ್ಟಳು. ಸಿಟ್ಟಿನಲ್ಲಿ ತಾಯಂದಿರು ಆಡುವ ಮಾತು ಅದು. ನಮ್ಮವ್ವನೂ ನನಗೆ ಹಾಗೆಂದಿದ್ದುಂಟು, ಸಂಜೆಯಾಗುವ ಹೊತ್ತಿಗೆ ಕರೆದು ರೊಟ್ಟಿ ಬಡಿಸಿದ್ದೂ ಉಂಟು. ಏಬೆಲ್ ಸಂಜೆಯವರೆಗೆ ನಿಲ್ಲಲಿಲ್ಲ. ಮಧ್ಯಾಹ್ನವೇ ಹೊರಟುಹೋದ.

ಎಂಟು ವರ್ಷ ಕಳೆಯಿತು. ಓಲೆಯಿಲ್ಲ, ಬಂದವರ ಕೈಯಲ್ಲಿ ಒಂದು ಮಾತಿಲ್ಲ. ಆಗ ಯುದ್ಧದ ಹಡಗುಗಳಿಗೆ ಓಕ್ ಬೇಕೆಂದು ಕಾಡಿನ ಒಡೆಯನಿಂದ ಅಪ್ಪಣೆ ಬಂತು. ಗುರುತಿನ ಮರಗಳನ್ನು ಅದುವರೆಗೆ ಯಾವ ಒಡೆಯನೂ ಮುಟ್ಟಿರಲಿಲ್ಲ. ಈ ಸಲ ಮನೆಗೊಂದು ಕೊಡಲೇಬೇಕು ಎಂದಾಯಿತು. ಬೇರೆ ಮನೆಗಳಲ್ಲಿ ಹಸುಗೂಸಾಗಿದ್ದಾಗಲೇ ತೀರಿಕೊಂಡವರ, ಊರು ಬಿಟ್ಟು ಬೇರೆ ಕಡೆ ಮಣ್ಣಾದವರ ಮರಗಳು, ಪೆಟ್ಟಿಗೆಗೆ ಬೇಕಾಗದೆ, ಒಂದೊಂದಾದರೂ ಉಳಿದಿದ್ದವು. ಅಳುತ್ತಲೋ ಶಪಿಸುತ್ತಲೋ ಅವನ್ನು ಕೊಟ್ಟರು. ಹೆಸ್ಟರಳಿಗೆ ಇದ್ದದ್ದು ಎರಡೇ, ತನ್ನದು ಮತ್ತು ಮಗನದು. ಒಡೆಯನ ಕಡೆಯ ಮೇಲ್ವಿಚಾರಕ ಕೆಟ್ಟವನೇನಲ್ಲ. ಎಂಟು ವರ್ಷದಿಂದ ಸುದ್ದಿಯಿಲ್ಲದವನ ಮರ ತಾನೇ, ಅದನ್ನೇ ಕೊಡಮ್ಮಾ ಎಂದ. ಊರವರೂ ತಲೆತಗ್ಗಿಸಿಕೊಂಡು ಅದನ್ನೇ ಅಂದರು. ಹೆಸ್ಟರ್ ಸೊಂಟಕ್ಕೆ ಕೈಯಿಟ್ಟು ನಿಂತು, "ನಾನು ನಿಮ್ಮ ಕಣ್ಣೆದುರಿಗೇ ಇರ್ತೀನಿ. ನನ್ನ ಮರ ಬಿದ್ರೂ ನಾನು ಬದುಕಿದೀನಿ ಅಂತ ಎಲ್ಲರಿಗೂ ಗೊತ್ತಿರತ್ತೆ. ಅವನ ಮರ ಬಿದ್ರೆ ಅವನು ಬದುಕಿದಾನೆ ಅಂತ ಹೇಳೋರು ಯಾರು? ನನ್ನದನ್ನೇ ಕಡೀರಿ" ಎಂದಳು.

ಬದುಕಿರುವವರ ಮರ ಕಡಿಯುವುದು ಆ ಊರಿನಲ್ಲಿ ಎಂದೂ ನಡೆದಿರಲಿಲ್ಲ. ಬಡಗಿ ಮಾರ್ಕಮ್ ಕೊಡಲಿ ಎತ್ತಲಾರೆ ಎಂದು ಮೂರು ಸಲ ಕೆಳಗಿಟ್ಟನಂತೆ. ಅವಳೇ ಹೋಗಿ ಮರದ ಪಕ್ಕದಲ್ಲಿ ನಿಂತು, ಹೂಂ ಎಂದ ಮೇಲೆ ಮೊದಲ ಏಟು ಬಿತ್ತು. ಮರ ನೆಲಕ್ಕೊರಗಿದಾಗ ಊರಿನ ಹೆಂಗಸರು ಅವಳ ಮುಖ ನೋಡಲು ಹೆದರಿದರು. ಅವಳು ಮಾತ್ರ, "ಸತ್ತವಳು ನಡೆದುಕೊಂಡು ಮನೆಗೆ ಹೋಗೋದು ನೋಡಿಲ್ವಾ? ನೋಡಿ" ಎಂದು ನಕ್ಕು, ಬುಟ್ಟಿ ಎತ್ತಿಕೊಂಡು ಇಳಿದುಹೋದಳು. ಎಷ್ಟು ಗಟ್ಟಿ ಜೀವ! ತಾಯಿ ಲೆಕ್ಕ ಹಾಕಿದ್ದು ಸರಿಯಾಗಿಯೇ ಇತ್ತು. ತಾನು ಬದುಕಿದ್ದೇನೆಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವನು ಇಡೀ ಭೂಮಿಯ ಮೇಲೆ ಒಬ್ಬನೇ ಇದ್ದ. ಆ ಬೊಡ್ಡೆಯನ್ನು ಅವನು ಕಂಡರೆ ಎಂಬ ಯೋಚನೆ ಆ ದಿನ ಅವಳಿಗೂ ಬರಲಿಲ್ಲ, ಊರಿನಲ್ಲಿ ಯಾರಿಗೂ ಬರಲಿಲ್ಲ.

ಅದಾಗಿ ಒಂದು ವರ್ಷಕ್ಕೆ, ಫೆಬ್ರವರಿಯ ಒಂದು ಮಧ್ಯಾಹ್ನ ಏಬೆಲ್ ಬಂದ. ಆಗ ಕಾಡಿನಲ್ಲಿ ಕೆಲಸ ಮಾಡುತ್ತಿದ್ದವನು ಸೈಲಸ್ ಎಂಬ ತಟ್ಟಿ ಹೆಣೆಯುವವನು ಒಬ್ಬನೇ. ಬೇರೆ ಸೀಮೆಯಿಂದ ಕೂಲಿಗೆ ಬಂದವನು, ಕಾಡಿನ ಮೇಲ್ತುದಿಯ ಗುಡಿಸಲಿನಲ್ಲಿದ್ದುಕೊಂಡು ಶನಿವಾರ ಮಾತ್ರ ಊರಿಗಿಳಿಯುತ್ತಿದ್ದ. ಈ ಊರಿನ ಮರಗಳ ಪದ್ಧತಿ ಅವನಿಗೆ ತಿಳಿಯದು. ಅವನು ಕಂಡದ್ದು ಇಷ್ಟು: ನಾವಿಕರ ನೀಲಿ ಕೋಟು ಹಾಕಿದ, ಒಂದು ಕಾಲು ಎಳೆಯುವ ಗಂಡಸೊಬ್ಬ ದಿಬ್ಬದ ಮೇಲಿನಿಂದ ಸರಸರನೆ ಬಂದ. ಬರುತ್ತ ಏನೋ ಗುನುಗುತ್ತಿದ್ದ. ಒಂದು ದೊಡ್ಡ ಓಕ್‌ನ ಗುರುತಿನ ಮೇಲೆ ಅಂಗೈಯಿಟ್ಟು ನಕ್ಕ. ಆಮೇಲೆ ಹಿಂದಕ್ಕೆ ತಿರುಗಿ ಎದುರಿನ ಬೊಡ್ಡೆ ನೋಡಿದ. ನೋಡಿದವನು ಟೋಪಿ ತೆಗೆದ. ಬಹಳ ಹೊತ್ತು ನಿಂತೇ ಇದ್ದು, ಕೊನೆಗೆ ಬೊಡ್ಡೆಯ ಪಕ್ಕ ಕೆಸರಿನಲ್ಲೇ ಕುಳಿತ. ಸೈಲಸ್ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹೋದ. "ಇದನ್ನು ಕಡಿದು ಎಷ್ಟಾಯಿತು?" ಎಂದು ಆ ಮನುಷ್ಯ ಕೇಳಿದ. ಹೋದ ಚಳಿಗಾಲದಲ್ಲಂತೆ ಎಂದು ಸೈಲಸ್ ಹೇಳಿದ. "ಒಂದು ವರ್ಷ ತಡ ಮಾಡಿಬಿಟ್ಟೆ" ಎಂದ ಅವನು. ಇಷ್ಟೇ ಅವರ ನಡುವೆ ನಡೆದ ಮಾತು. ಸೈಲಸ್ ಏನೂ ತಿಳಿಯದೆ, ಎಲ್ಲ ಮರಗಳೂ ಒಂದು ದಿನ ಬೀಳುವವೇ ಎಂದು ಸಮಾಧಾನ ಹೇಳಿದನಂತೆ. ಅಯ್ಯೋ ಪುಣ್ಯಾತ್ಮ, ಎಲ್ಲ ಬಿಟ್ಟು ಅದನ್ನೇ ಹೇಳಬೇಕಿತ್ತೇ! ಏಬೆಲ್ ಚೀಲದಿಂದ ಏನನ್ನೋ ತೆಗೆದು ಬೊಡ್ಡೆಯ ಮೇಲಿಟ್ಟ. ಬಂದ ದಾರಿಯಲ್ಲೇ, ಬಂದದ್ದಕ್ಕಿಂತ ಬಹಳ ನಿಧಾನವಾಗಿ ಹಿಂದಿರುಗಿ ಹೋದ.

ನಾನು ಈ ಕತೆಯನ್ನು ಯಾರಿಗೆ ಹೇಳಿದರೂ ಇಲ್ಲಿಗೆ ಬರುವಷ್ಟರಲ್ಲಿ ತಡೆಯುತ್ತಾರೆ. ಅಷ್ಟು ದೂರ ಬಂದವನು ಊರಿಗಿಳಿದು ವಿಚಾರಿಸಬಾರದಿತ್ತೇ, ತಾಯಿಯ ಗೋರಿಯನ್ನಾದರೂ ನೋಡಬಾರದಿತ್ತೇ ಎಂದು ನನ್ನ ಮೇಲೆಯೇ ಹರಿಹಾಯುತ್ತಾರೆ. ನಾನೇನು ಮಾಡಲಿ? ಆ ಊರಿನವನಿಗೆ ಬೊಡ್ಡೆ ಕಂಡ ಮೇಲೆ ಕೇಳುವುದೇನೂ ಉಳಿದಿರಲಿಲ್ಲ. ಹುಟ್ಟಿದಾಗಿನಿಂದ ಅವನು ಕಂಡ ಒಂದೊಂದು ಬೊಡ್ಡೆಯೂ ಒಂದೊಂದು ಸಾವು. ಒಂದು ಸಲವೂ ಅದು ಸುಳ್ಳಾಗಿರಲಿಲ್ಲ. ಬದುಕಿರುವಾಗಲೇ ತನ್ನ ಮರವನ್ನು ತಾನೇ ಕಡಿಸಿದವರು ಅವನ ಕಾಲಕ್ಕೆ ಯಾರಿದ್ದರು? ಮೇಲಾಗಿ, ನಾನು ಸತ್ತ ಮೇಲೆ ಬಾ ಎಂದಿದ್ದಳು. ಆ ಮಾತನ್ನು ಅಳಿಸಿಕೊಳ್ಳಲೆಂದೇ ಬಂದವನು ಅವಳು ಹೇಳಿದ ಹಾಗೆಯೇ ಬಂದೆನಲ್ಲ ಎಂದುಕೊಂಡಿರಬೇಕು. ಆ ಮುಖ ಹೊತ್ತು ಯಾರ ಮನೆಯ ಬಾಗಿಲು ತಟ್ಟುತ್ತಾನೆ? ಬೊಡ್ಡೆಯಿದ್ದ ಜಾಗದಿಂದ ಮುಂದೆ ದಾರಿ ಬಲಕ್ಕೆ ಹೊರಳುತ್ತದೆ. ಹೊರಳಿದ ಕೂಡಲೇ ಹೆಸ್ಟರಳ ಮನೆಯಿದ್ದ ಬಯಲು ಕಾಣುತ್ತದೆ. ನಾನೇ ನಡೆದು ಎಣಿಸಿದ್ದೇನೆ, ನಲವತ್ತು ಹೆಜ್ಜೆ. ಆ ಮಧ್ಯಾಹ್ನ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. 

ಸೈಲಸ್ ಊರಿಗಿಳಿದದ್ದು ನಾಲ್ಕು ದಿನ ಕಳೆದು ಬಂದ ಶನಿವಾರ. ಬೊಡ್ಡೆಯ ಮೇಲೆ ಬಿಟ್ಟುಹೋದದ್ದು ಮಳೆಯಲ್ಲಿ ಕೆಡುತ್ತದೆಂದು ಎತ್ತಿ ತಂದಿದ್ದ. ತಿಮಿಂಗಿಲದ ಎಲುಬಿನಲ್ಲಿ ಕೊರೆದ ಒಂದು ಜೊತೆ ಹೆಣಿಗೆ ಕಡ್ಡಿ. ಎರಡರ ತಲೆಯ ಮೇಲೂ ಮರದಲ್ಲಿದ್ದ ಅದೇ ಗುರುತು. ಯಾರ ಮನೆಯದೆಂದು ಕೇಳುತ್ತ ಹೋದವನಿಗೆ ಹೆಸ್ಟರಳ ಬಾಗಿಲು ತೋರಿಸಿದರು. ಅವಳು ಕಡ್ಡಿಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಂದವನು ಎಲ್ಲಿ ಎಂದು ಅವನ ಬೆನ್ನ ಹಿಂದೆ ಇಣುಕಿದಳು. ಸೈಲಸ್ ತಾನು ಕಂಡದ್ದನ್ನೆಲ್ಲ ಹೇಳಿದ.

"ಹಿಂದಕ್ಕೆ ಹೋದನಾ?" ಎಂದಳು.

"ಹೂಂ ತಾಯಿ."

"ನನ್ನ ಮರ ನೋಡಿ?"

ಸೈಲಸ್‌ಗೆ ಆ ಹೊತ್ತಿಗೂ ಅರ್ಥವಾಗಿರಲಿಲ್ಲ. ಪಕ್ಕದ ಮನೆಯವರು ಓಡಿ ಬಂದು ಅವಳನ್ನು ಹಿಡಿದುಕೊಂಡ ಮೇಲೆ ಅವನಿಗೆ ಎಲ್ಲ ತಿಳಿಯಿತು. ಅಲ್ಲೇ ಹೊಸ್ತಿಲ ಮೇಲೆ ಕುಳಿತು ಮಗುವಿನ ಹಾಗೆ ಅತ್ತನಂತೆ. ಹೆಸ್ಟರ್ ಅಳಲಿಲ್ಲ. ಹೊದಿಕೆ ಹೊದ್ದು, ಕಡ್ಡಿಗಳನ್ನು ಸೆರಗಿನಂತಿದ್ದ ಅದರ ತುದಿಯಲ್ಲಿ ಸುತ್ತಿಕೊಂಡು, ಬಂದರಿನ ದಾರಿ ಹಿಡಿದಳು. ಒಂಬತ್ತು ದಿನ ಒಂದೊಂದು ಹಡಗಿನ ಬಳಿ, ಒಂದೊಂದು ಹೆಂಡದಂಗಡಿಯ ಬಾಗಿಲಲ್ಲಿ, ಕಾಲೆಳೆಯುವ ಏಬೆಲ್‌ನನ್ನು ನೋಡಿದಿರಾ ಎಂದು ಕೇಳಿದಳು. ಕಾಲೆಳೆಯುವವರು ಆ ಬಂದರಿನಲ್ಲಿ ನೂರಾರು ಜನ. ಯುದ್ಧ ಎಂದ ಮೇಲೆ ಕೇಳಬೇಕೇ? ಅವನು ಯಾವ ಹಡಗು ಹತ್ತಿದ, ಹತ್ತಿದನೋ ಇಲ್ಲವೋ ಎಂಬುದೂ ತಿಳಿಯಲಿಲ್ಲ. ಹತ್ತನೆಯ ದಿನ ಮರಳಿ ಬಂದಳು. ಅದೇ ವರ್ಷದಿಂದ ಊರವರ ಬಾಯಲ್ಲಿ ಮೇಲ್ಕಾಡು ಎಂಬ ಹೆಸರು ಹೋಗಿ ಟರ್ನ್‌ಬ್ಯಾಕ್ ಎಂಬ ಹೆಸರು ನಿಂತಿತು ಎನ್ನುತ್ತಾರೆ. ಯಾರೂ ಕೂತು ಇಟ್ಟ ಹೆಸರಲ್ಲ. ಆ ಜಾಗಕ್ಕೆ ಬಂದಾಗ ಜನಕ್ಕೆ ಬೇರೆ ಮಾತು ಬರುತ್ತಿರಲಿಲ್ಲ, ಅಷ್ಟೇ.

ಆಮೇಲೆ ಇಪ್ಪತ್ತೆರಡು ವರ್ಷ ಹೆಸ್ಟರ್ ಬದುಕಿದ್ದಳು. ಬೆಳಗಾದರೆ ಕಾಡಿಗೆ ಹತ್ತಿ, ಆ ಬೊಡ್ಡೆಯ ಮೇಲೆ ಕುಳಿತು, ದಾರಿಗೆ ಮುಖಮಾಡಿ ಹೆಣಿಗೆ ಹಾಕುತ್ತಿದ್ದಳು. ಮತ್ತೊಮ್ಮೆ ಬಂದರೆ ಬೊಡ್ಡೆಯ ಬದಲು ತಾನೇ ಕಾಣಬೇಕು ಎಂದು. ಮಳೆ, ಹಿಮ ಯಾವುದಕ್ಕೂ ಬಿಡಲಿಲ್ಲ. ಸೈಲಸ್ ತನ್ನ ಸೀಮೆಗೆ ಮರಳಲಿಲ್ಲ. ಅವಳ ಬೆನ್ನಿಗೆ ಗಾಳಿ ತಾಗದಂತೆ ಒಂದು ತಟ್ಟಿ ಹೆಣೆದು ನಿಲ್ಲಿಸಿದ. ಅದು ಹಾಳಾದಾಗಲೆಲ್ಲ ಹೊಸದು ಮಾಡಿದ. ಬಡಗಿ ಮಾರ್ಕಮ್ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟ. ಊರಿನ ಮಕ್ಕಳಿಗೆ ಮರ ಆರಿಸುವ ಪದ್ಧತಿ ಆ ವರ್ಷಕ್ಕೇ ನಿಂತುಹೋಯಿತು. ಹುಟ್ಟಿದ ಕೂಸಿಗೆ ಗುರುತು ಹಾಕಲು ಯಾವ ಅಪ್ಪನ ಕೈಯೂ ಏಳಲಿಲ್ಲ.

ಹೆಸ್ಟರ್ ಹಾಸಿಗೆ ಹಿಡಿದಾಗ ಪೆಟ್ಟಿಗೆಯ ಮಾತು ಬಂತು. ಅವಳ ಮರ ಎಂದೋ ಯಾವುದೋ ಹಡಗಿನ ಹೊಟ್ಟೆ ಸೇರಿತ್ತು. ಮಾರ್ಕಮ್‌ನ ಮಗ ಆಗ ಬಡಗಿ. ಇಪ್ಪತ್ತೆರಡು ವರ್ಷದಿಂದ ಮಗನ ಸುಳಿವಿಲ್ಲ, ಅವನ ಮರದಲ್ಲಾದರೂ ನಿನಗೆ ಪೆಟ್ಟಿಗೆ ಮಾಡಿಕೊಡಲೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಮುದುಕಿಗೆ ಎಲ್ಲಿತ್ತೋ ಆ ಶಕ್ತಿ, ಎದ್ದು ಕುಳಿತಳಂತೆ. "ಅವನು ಸತ್ತ ಅಂತ ನಿನಗೆ ಯಾರು ಹೇಳಿದ್ರು? ಹೇಳಿದವರನ್ನ ಕರ್ಕೊಂಡು ಬಾ. ಸುದ್ದಿ ಬರೋ ತನಕ ಅದನ್ನ ಮುಟ್ಟಿದ್ರೆ ನೋಡು" ಎಂದಳು. ಅಲ್ಲಿದ್ದವರೆಲ್ಲರಿಂದ ಮಾತು ತೆಗೆದುಕೊಂಡಳು. ಮೂರನೆಯ ದಿನ ತೀರಿಕೊಂಡಳು. ಓಕ್ ಹಲಗೆಯಿಲ್ಲದೆ ಮಣ್ಣಾದ ಮೊದಲ ಹೆಂಗಸು ಅವಳು. ಸೈಲಸ್ ಎರಡು ಹಗಲು ಕುಳಿತು, ಹೇಝಲ್ ಕೋಲುಗಳಿಂದ ಅವಳಷ್ಟೇ ಉದ್ದದ ಬುಟ್ಟಿಯೊಂದನ್ನು ಹೆಣೆದ. ಕುರಿಯ ತಟ್ಟಿ ಬಿಟ್ಟು ಬೇರೇನೂ ಹೆಣೆದವನಲ್ಲ ಅವನು. ಅದರಲ್ಲೇ ಅವಳನ್ನು ಹೊತ್ತು ತಂದರು. ಎಲುಬಿನ ಕಡ್ಡಿಗಳನ್ನು ಅವಳ ಕೈಯಲ್ಲೇ ಬಿಟ್ಟರು.

ಇಂದು ಹೋದರೆ ಆ ಬೊಡ್ಡೆ ನಿಮಗೆ ಸಿಗುವುದಿಲ್ಲ. ಕರಗಿ ಮಣ್ಣಾಗಿದೆ, ಅಲ್ಲಿ ಹಾವಸೆ ಬೆಳೆದ ಒಂದು ಉಬ್ಬು ಮಾತ್ರ ಇದೆ. ಊರಿನ ಗುರುತಿನ ಮರಗಳೆಲ್ಲ ತಂತಮ್ಮ ಮನುಷ್ಯನೊಂದಿಗೆ ಮಣ್ಣು ಸೇರಿದವು. ಆ ಉಬ್ಬಿನ ಎದುರಿಗೆ ಒಂದೇ ಒಂದು ಹಳೆಯ ಓಕ್ ನಿಂತಿದೆ. ನಾಲ್ಕು ಜನ ಕೈಹಿಡಿದರೂ ತಬ್ಬಲು ಸಾಲದು. ಒಳಗೆ ಪೊಳ್ಳು, ಒಂದು ಕೊಂಬೆ ಒಣಗಿದೆ, ಗುರುತು ತೊಗಟೆಯೊಳಗೆ ಮುಚ್ಚಿಹೋಗಿ ಹುಣ್ಣು ಮಾಯ್ದ ಹಾಗೆ ಕಾಣುತ್ತದೆ. ಹೊಸಬರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಾನು ಇಲ್ಲಿಗೆ ಬಂದ ಹನ್ನೊಂದನೆಯ ವರ್ಷ, ಅಪಾಯದ ಮರಗಳಿಗೆ ಕೆಂಪು ಬಣ್ಣ ಬಳಿಯುವ ಒಬ್ಬ ಯುವಕ ಬಂದಿದ್ದ. ಓದಿಕೊಂಡವನು, ಮರ್ಯಾದಸ್ಥ. ಈ ಮರ ಯಾರ ಮೇಲಾದರೂ ಬಿದ್ದೀತು, ಇದನ್ನು ತೆಗೆಯಬೇಕು ಎಂದು ಡಬ್ಬಿಯ ಮುಚ್ಚಳ ಬಿಚ್ಚಿದ. ಎಂಬತ್ತಾರು ವರ್ಷದ ಎಡಿತ್ ಅಜ್ಜಿ ನನ್ನ ತೋಳು ಹಿಡಿದುಕೊಂಡೇ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಇದು ಏಬೆಲ್ ಪ್ರಾಗ್ನೆಲ್‌ನ ಮರ ಎಂದಳು. ಅವನು ಕಾಗದಗಳನ್ನು ತಿರುವಿ, ಆ ಹೆಸರಿನವರು ಈ ಊರಿನಲ್ಲಿ ಯಾರೂ ಇಲ್ಲವಲ್ಲ ಎಂದ. ಹೊರಗೆ ಹೋಗಿದ್ದಾನೆ ಎಂದಳು ಅಜ್ಜಿ. ಯಾವಾಗ ಬರುತ್ತಾರೆ ಎಂದು ಅವನು ಕೇಳಿದ.

"ಗೊತ್ತಿಲ್ಲ ಮಗಾ" ಎಂದಳು. "ಸತ್ತ ಅಂತ ಸುದ್ದಿ ಮಾತ್ರ ನಮಗೆ ಇನ್ನೂ ಬಂದಿಲ್ಲ."

ಯುವಕ ಡಬ್ಬಿಯ ಮುಚ್ಚಳ ಹಾಕಿದ. ಮರದ ಕೆಳಗೆ ಹೋಗಬೇಡಿ ಎಂದು ಒಂದು ಬೇಲಿ ಹಾಕಿಸಿ ಹೋದ. ಎಡಿತ್ ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಈಗ ಯಾರಾದರೂ ಬಂದು ಕೇಳಿದರೆ ಆ ಮಾತು ನಾನು ಹೇಳುತ್ತೇನೆ.